ಚೆನ್ನಾಗಿದೆ ಎಂದು ಹೋದವರು

ಕೋಟೆಯ ಬೀದಿಯಲ್ಲಿ ಒಂದು ಜತೆ ಚಪ್ಪಲಿ ಕೊಂಡು ಮನೆ ಮುಟ್ಟುವ ಮೊದಲೇ ಮೊಬೈಲಿಗೆ ಐದು ನಕ್ಷತ್ರಗಳು ಬಂದು ಬಿದ್ದಿರುತ್ತವೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ ಎಂಬ ವಿನಯದ ಪ್ರಶ್ನೆಯ ಜೊತೆಗೆ. ನೀವೂ ನನ್ನಂತೆ ಐದನ್ನೂ ಒತ್ತಿ ಸುಮ್ಮನಾಗುವವರಿರಬಹುದು. ಚಪ್ಪಲಿ ಕಚ್ಚುತ್ತಿದ್ದರೂ ಒತ್ತುತ್ತೇವೆ. ಪಾಪ, ಅಂಗಡಿಯವನ ಮನಸ್ಸನ್ನೇಕೆ ನೋಯಿಸಬೇಕು? ಗ್ರಾಹಕರ ತೃಪ್ತಿಯನ್ನು ಅಳೆದು ಕಂಪನಿಗಳಿಗೆ ಒಪ್ಪಿಸುವುದೇ ನನ್ನ ಹೊಟ್ಟೆಪಾಡು. ವಿದ್ಯಾನಗರದ ಮನೆಯಿಂದ ಹೊರಟು, ಸೋಪಿನ ಪರಿಮಳದಿಂದ ಹಿಡಿದು ಸಿಮೆಂಟಿನ ಬಿಗಿಯವರೆಗೆ ಜನರ ಅಭಿಪ್ರಾಯ ಕೇಳುತ್ತ ಅಲೆದಿದ್ದೇನೆ. ಈ ವಿದ್ಯೆಯ ಮೇಲೆ ನನಗಿದ್ದ ನಂಬಿಕೆ ಸತ್ತದ್ದು ಭದ್ರಾವತಿಯಲ್ಲಿ, ನನ್ನ ಅಕ್ಕ ನಡೆಸುತ್ತಿದ್ದ ಊಟದ ಮೆಸ್ಸಿನಲ್ಲಿ.

ಭಾವ ತೀರಿಕೊಂಡ ಮೇಲೆ ಆ ಮೆಸ್ಸೇ ಅಕ್ಕನ ಬದುಕು. ಏನಾಯಿತೋ, ಗಿರಾಕಿಗಳು ಒಬ್ಬೊಬ್ಬರಾಗಿ ಕರಗತೊಡಗಿದರು. "ಕಂಪ್ನಿಯೋರಿಗೆಲ್ಲ ಕೇಳ್ಕೊಡ್ತೀಯಲ್ಲೋ, ನಂಗೂ ಒಂಚೂರು ಕೇಳ್ಕೊಡು. ಏನು ಕಮ್ಮಿ ಅಂತ ಗೊತ್ತಾದ್ರೆ ಸರಿ ಮಾಡ್ಕೋತೀನಿ" ಎಂದಳು.

ಕೇಳಿದೆ. ಎಲ್ಲರದೂ ಒಂದೇ ಮಾತು: "ಫಸ್ಟ್ ಕ್ಲಾಸ್ ಸಾರ್." ಉಂಡ ಅನ್ನಕ್ಕೆ ಕೊಂಕು ತೆಗೆಯುವುದು ನಮ್ಮಲ್ಲಿ ಪಾಪ, ಬಡಿಸಿದವಳ ಎದುರಿಗೇ ತೆಗೆಯುವುದಂತೂ ಮಹಾಪಾಪ. ಬಾಯಿಬಿಡಲು ಸಂಕೋಚವಿದ್ದೀತೆಂದು ಕೈತೊಳೆಯುವಲ್ಲಿ ಎರಡು ಡಬ್ಬಿ ಇಟ್ಟೆ. ಒಂದಕ್ಕೆ ನಗುವ ಮುಖ, ಇನ್ನೊಂದಕ್ಕೆ ಸಪ್ಪೆ ಮುಖ ಅಂಟಿಸಿ, ಪಕ್ಕದಲ್ಲಿ ಒಂದು ಬಟ್ಟಲು ಹುಣಸೆಬೀಜ. ಬೀಜಗಳೆಲ್ಲ ನಗುವ ಡಬ್ಬಿಗೇ ಬಿದ್ದವು. ಹಾಕಿದವರು ಅಡುಗೆಮನೆಯ ಕಡೆ ತಿರುಗಿ ಅಕ್ಕನಿಗೆ ತಲೆಯಾಡಿಸಿ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ನಾನೇ ರುಚಿ ನೋಡಿ ಹೇಳೋಣವೆಂದರೆ, ನನ್ನ ನಾಲಿಗೆ ಚಿಕ್ಕಂದಿನಿಂದ ಅವಳ ಕೈಯಡುಗೆಗೇ ಒಗ್ಗಿದ್ದು. ಅದರ ಸಾಕ್ಷಿ ನಡೆಯುವುದಿಲ್ಲ. ಜನರ ಸಿಟ್ಟನ್ನಾದರೂ ಅಳೆದೇನು, ದಾಕ್ಷಿಣ್ಯವನ್ನು ಅಳೆಯುವ ಕೋಲು ನನ್ನ ಶಾಸ್ತ್ರದಲ್ಲಿಲ್ಲ. ತುಂಬಿದ ಡಬ್ಬಿ ಕಂಡು ಅಕ್ಕ ಹಿಗ್ಗುವಾಗ ನನಗೆ ಅಳು ಬರುತ್ತಿತ್ತು.

ಮೆಸ್ಸು ಮುಚ್ಚುವ ದಿನ ಮಧ್ಯಾಹ್ನ ಖಾದರ್ ಭಾಯಿ ಸುದ್ದಿ ಕೇಳಿ ಓಡಿಬಂದರು. ಮಲವಗೊಪ್ಪದವರು, ಹತ್ತಿರದಲ್ಲೇ ಗ್ಯಾರೇಜು. ದಿನಾ ಉಣ್ಣುತ್ತಿದ್ದವರು ತಿಂಗಳುಗಳಿಂದ ಇತ್ತ ತಲೆ ಹಾಕಿರಲಿಲ್ಲ. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಯಾಕಕ್ಕ ಮುಚ್ತೀರಿ? ನಿಮ್ಮಂಥ ಅಡುಗೆ ಈ ಊರಲ್ಲಿ ಇನ್ನೆಲ್ಲಿದೆ?"

"ಈಗಲಾದ್ರೂ ಹೇಳಿ ಭಾಯಿ, ಮುಚ್ಚೋದಂತೂ ಮುಚ್ಚಾಯ್ತು. ಏನು ತಪ್ಪಾಗಿತ್ತು?" ಎಂದಳು ಅಕ್ಕ.

"ಛೇ ಛೇ, ಏನೂ ಇರ್ಲಿಲ್ಲ."

ಅಕ್ಕನ ಮುಖ ಅರಳಿತು. "ಹಾಗಾದ್ರೆ ಕೂತ್ಕೊಳ್ಳಿ, ಬಿಸಿ ಅನ್ನ ಇದೆ" ಎಂದು ತಟ್ಟೆ ಇಟ್ಟಳು.

ಭಾಯಿ ತಟ್ಟೆಯನ್ನು ನೋಡಿದರು. "ಈಗಷ್ಟೇ ಊಟ ಆಯ್ತಕ್ಕ, ಪಕ್ಕದ ಬೀದಿ ಮೆಸ್ಸಲ್ಲಿ."

ಅಕ್ಕ ಸೌಟನ್ನು ಮತ್ತೆ ಪಾತ್ರೆಯಲ್ಲಿಟ್ಟಳು. "ಅಲ್ಲಿ ಊಟ ಹೇಗಿರುತ್ತೆ ಭಾಯಿ?" ಎಂದು ಮೆಲ್ಲಗೆ ಕೇಳಿದಳು.

"ನಿಮ್ಮ ಕೈರುಚಿ ಎಲ್ಲಿ ಬರುತ್ತೆ ಬಿಡಿ ಅಕ್ಕ" ಎಂದರು ಭಾಯಿ.