ಮೇಡಮ್ಮೋರ ಮುಖಾಂತರ

ಮೊನ್ನೆ ಚಹಾದಂಗಡಿಯ ಟೀವಿಯಲ್ಲಿ ಲೋಕಸಭೆ ನಡೆದಿತ್ತು. ಎರಡೂ ಕಡೆಯವರು ಎದ್ದು ನಿಂತು ಕೂಗುತ್ತಿದ್ದರು. ಆದರೆ ಒಬ್ಬರೂ ಎದುರಿನವರನ್ನು ನೇರವಾಗಿ ಕರೆಯಲಿಲ್ಲ. ಬೈಗುಳವೆಲ್ಲ "ಅಧ್ಯಕ್ಷರೇ" ಎಂದೇ ಶುರುವಾಗುತ್ತಿತ್ತು. ನನಗೆ ನಮ್ಮ ರಜಿಯಾ ಮೇಡಮ್ಮೋರು ನೆನಪಾದರು. ಚಹಾ ಆರಿತು.

ನಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವನು. ಶಿಗ್ಗಾಂವದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅದರ ಕಲ್ಲು ಸವೆದರೆ ಉಳಿ ಹಿಡಿದು ಹಲ್ಲು ಕೊರೆಯುವವನು ಇವತ್ತಿಗೂ ನಾನೇ. ಇನ್ನೊಬ್ಬರ ಕೈಗೆ ಕೊಟ್ಟಿಲ್ಲ. ಇಂಥವನ ಮಹಡಿಯ ಕೋಣೆಗೆ ಸವಣೂರಿನ ಮೇಡಮ್ಮೋರು ಬಾಡಿಗೆಗೆ ಬಂದರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಸಂಜೆಯೆಲ್ಲ ಸಂಸತ್ತಿನ ಹಳೇ ನಡವಳಿಗಳ ದಪ್ಪ ಸಂಪುಟಗಳನ್ನು ಓದುತ್ತ ಕೂಡುವರು. ಸಭೆಯಲ್ಲಿ ಯಾರು ಎದ್ದು ಮಾತಾಡಿದರು, ಯಾರು ಗೆದ್ದು ಹೋಗಿಯೂ ಬಾಯಿ ತೆರೆಯಲೇ ಇಲ್ಲ, ಇದೇ ಅವರ ಸಂಶೋಧನೆ. ಕೆಳಗೆ ಗಿರಣಿ ಶುರುವಾದರೆ ಮೇಲೆ ಅವರ ಮೇಜು ನಡುಗುತ್ತಿತ್ತು. ತ್ರಾಸಾಗುತ್ತದೇನೋ ಎಂದು ಕೇಳಿದರೆ, ಸದನದ ಗದ್ದಲಕ್ಕಿಂತ ಇದು ಎಷ್ಟೋ ಪಾಡು ಎನ್ನುವರು.

ಆಗ ನನಗೂ ನನ್ನ ಅಣ್ಣ ಬಸಣ್ಣನಿಗೂ ಮಾತಿರಲಿಲ್ಲ. ಗಿರಣಿ ಇಬ್ಬರದೂ. ಖಾರ ಕುಟ್ಟುವ ಮಶೀನು ಕೂಡಿಸೋಣವೆಂದು ನಾನು, ಹಿಟ್ಟಿಗೆ ಘಾಟು ಹತ್ತುತ್ತದೆ, ಬೇಡವೆಂದು ಅವನು. ಒಂದೇ ಸೂರಿನಡಿ ದುಡಿಯುತ್ತ ಇಬ್ಬರೂ ಅವ್ವನ ಮುಖಾಂತರ ಮಾತಾಡುತ್ತಿದ್ದೆವು: "ಬೆಲ್ಟ್ ಹರದೈತಿ ಅಂತ ಅವಗ ಹೇಳಬೇ." ಅವ್ವ ತೀರಿಕೊಂಡ ಮೇಲೆ ಆ ಕೆಲಸ ಮೇಡಮ್ಮೋರ ಕೊರಳಿಗೆ ಬಿತ್ತು. ಮೊದಲ ದಿನ ಮೆಟ್ಟಿಲ ಮೇಲೆ ನಿಂತು ಇಬ್ಬರ ಮಾತೂ ಕೇಳಿ ನಕ್ಕುಬಿಟ್ಟರು.

"ಅಲ್ರಿ, ಹುಡುಗರಿಗೆ ಇದನ್ನ ಕಲಸಾಕ ನಾ ವರ್ಷಾನಗಟ್ಲೆ ಬಡಕೊಳ್ಳಾಕತ್ತೇನಿ. ನೀವು ಮನ್ಯಾಗ ನಡಸೀರಿ."

ಸಂಸತ್ತಿನಲ್ಲಿಯೂ ಎಲ್ಲ ಮಾತು ಅಧ್ಯಕ್ಷರ ಪೀಠದ ಮುಖಾಂತರವೇ ಹೋಗಬೇಕಂತೆ. ಸುತ್ತು ಹಾಕಿ ಹೋಗುವ ಸಿಟ್ಟು ಅರ್ಧ ದಾರಿಯಲ್ಲೇ ದಣಿಯುತ್ತದೆ ಎಂದರು. ಅಲ್ಲಿಂದ ಪ್ರತಿ ರವಿವಾರ ಗಿರಣಿ ಬಂದ್ ಮಾಡಿ ನಮ್ಮ ಸಭೆ. ಜೋಳದ ಚೀಲದ ಮೇಲೆ ಮೇಡಮ್ಮೋರು, ಆಚೆ ಅಣ್ಣ, ಈಚೆ ನಾನು, ನಡುವೆ ಮೆಲ್ಲಲಿಕ್ಕೆ ಅವರು ಊರಿಂದ ತಂದ ಸವಣೂರ ಖಾರದ ಪೊಟ್ಟಣ.

"ಮೇಡಂ, ಇವನ ತಲಿ ನಮ್ಮ ಒಳ್ಳಕಲ್ಲಿಗಿಂತ ಹಳೇದು ಅಂತ ಹೇಳ್ರಿ," ಎನ್ನುತ್ತಿದ್ದೆ ನಾನು.

"ಆ ಶಬ್ದ ಕಡತದಿಂದ ತಗದೇವಿ. ಮುಂದಿಂದು ಹೇಳ್ರಿ," ಎನ್ನುವರು ಅವರು. ಅಣ್ಣ ನಗು ತಡೆಯಲಾರದೆ ಎದ್ದು ಹೊರಗೆ ಹೋಗುತ್ತಿದ್ದ. ಸಾಲಿ ಬಿಟ್ಟ ನಾನು ಆ ಒಂದು ತಾಸು ದಿಲ್ಲಿಗೇ ಆರಿಸಿ ಹೋದವನ ಹಾಗೆ ಎದೆಯುಬ್ಬಿಸಿ ಕೂಡುತ್ತಿದ್ದೆ. ನೀವೂ ನಗಬಹುದು. ಮೇಡಮ್ಮೋರು ಮಾತ್ರ ಎಂದೂ ತೀರ್ಪು ಕೊಡಲಿಲ್ಲ. ಕಡೆಗೆ ನಾವೇ ಒಪ್ಪಿ ಮಶೀನನ್ನು ಹಿತ್ತಲಲ್ಲಿ ಬೇರೆ ಶೆಡ್ ಹಾಕಿ ಕೂಡಿಸಿದೆವು.

ಆಮೇಲೆ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿ ಕಲಿಸಿದರು, ಪುಸ್ತಕ ಬರೆದರು, ನಿವೃತ್ತರಾದರು. ಇಲ್ಲಿ ನಮ್ಮ ಸಣ್ಣಪುಟ್ಟ ಮಾತುಗಳು ಸಾಗಿಸುವವರಿಲ್ಲದೆ ಬಿದ್ದಲ್ಲೇ ಕೊಳೆತವು. ಒಂದು ದಿನ ಅಣ್ಣ ಏನೂ ಹೇಳದೆ ಹಾನಗಲ್ಲ ಕಡೆ ಹೆಂಡತಿಯ ಊರಿಗೆ ಹೋಗಿ ಒಕ್ಕಲುತನಕ್ಕೆ ನಿಂತ.

ಹೋದ ವರ್ಷ ಸವಣೂರಿನಲ್ಲಿ ಮೇಡಮ್ಮೋರು ತೀರಿಕೊಂಡರು. ಮಣ್ಣಿಗೆ ಇಬ್ಬರೂ ಹೋಗಿದ್ದೆವು. ಅಣ್ಣ ಆಚೆ, ನಾನು ಈಚೆ. ಅವನ ಗಡ್ಡ ಬೆಳ್ಳಗಾಗಿತ್ತು. ಹೆಂಗದಿ ಎಂಬ ಮಾತು ನಾಲಿಗೆಯವರೆಗೆ ಬಂತು. ಯಾರ ಮುಖಾಂತರ ಕೇಳುವುದು? ನಡುವೆ ಮಲಗಿದ್ದವರು ಅವರೇ.

ಮೊನ್ನೆ ಟೀವಿಯಲ್ಲಿ ಸದನವನ್ನು ಮುಂದೂಡಿದರು. ಪೀಠ ಖಾಲಿಯಾಯಿತು. ಕೂಗಾಡಿದವರಲ್ಲೇ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ನಡೆದಿದ್ದರು. ನಾನು ಎದ್ದವನೇ ಹಾನಗಲ್ಲ ಬಸ್ಸು ಹತ್ತಿದೆ.

ಅಣ್ಣ ದನದ ಹಕ್ಕೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ. ನನ್ನನ್ನು ಕಂಡು ಅತ್ತಿತ್ತ ನೋಡಿದ, ಯಾರಾದರೂ ಇದ್ದಾರೇನೋ ಎಂಬಂತೆ. ಯಾರೂ ಇರಲಿಲ್ಲ. ಕಡೆಗೆ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಅದಕ್ಕೇ ಹೇಳಿದ:

"ನೋಡು, ಎಷ್ಟು ದಿನಕ್ಕ ಬಂದಾನ. ಕುಂದ್ರು ಅನ್ನು ಅವಗ."

ಎತ್ತು ಮೇವು ಬಿಟ್ಟು ತಲೆ ಎತ್ತಲಿಲ್ಲ.

"ಕುಂದರ್ತೇನಿ ಯಣ್ಣಾ," ಎಂದೆ ನಾನು, ಅವನ ಮುಖ ನೋಡಿ.