ಅವಳು ಓದಿದ್ದು, ನಾನು ಹೇಳಿದ್ದು

ಮೋಟರ್ ರಿವೈಂಡಿಂಗ್ ನನ್ನ ಕಸುಬು. ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವುದು. ಅಂಗಡಿ ಮಾನ್ವಿಯಲ್ಲಿ. ಏಳನೇ ತರಗತಿಗೆ ಶಾಲೆ ಬಿಟ್ಟವನು ಇಪ್ಪತ್ತೆರಡು ವರ್ಷ ಈ ಎರಡು ಕೈಗಳಿಂದಲೇ ಉಂಡಿದ್ದೇನೆ. ಒಬ್ಬರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಹೇಳದೆ ಉಳಿದ ಜಾಗ ಒಂದೇ, ರಾಯಚೂರಿನ ನಮ್ಮ ಭಾನುವಾರದ ಕೂಟ.

ಕೂಟ ಅಂದರೆ ದೊಡ್ಡದೇನಲ್ಲ. ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಹಿಂದಿನ ಎರಡು ಟೇಬಲ್, ಹತ್ತು ಹನ್ನೆರಡು ಜನ. ಕಂಪನಿಯವರು ಕೈಬಿಟ್ಟ ಹಳೆಯ ಆಂಡ್ರಾಯ್ಡ್ ಫೋನಿಗೆ ಯಾರೋ ಎಲ್ಲೋ ಕುಳಿತು ಮಾಡಿದ ಹೊಸ ಸಾಫ್ಟ್‌ವೇರ್ ಹಾಕಿ ಅದನ್ನು ಮತ್ತೆ ಓಡಿಸುವ ಹುಚ್ಚು ಎಲ್ಲರಿಗೂ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಕೇಬಲ್ ಎಲ್ಲ ಟೇಬಲ್ ಮೇಲೆ ಹರಡಿಕೊಂಡು ಒಬ್ಬರ ಫೈಲು ಇನ್ನೊಬ್ಬರಿಗೆ ಕೊಡುತ್ತಿದ್ದೆವು. ಸತ್ತ ಫೋನು ಬದುಕಿದರೆ ಅದರ ಯಜಮಾನ ಎಲ್ಲರಿಗೂ ಒಗ್ಗರಣಿ-ಮಿರ್ಚಿ ತಿನ್ನಿಸಬೇಕು. ವಾರದ ಉಳಿದ ದಿನ ಮಾತೆಲ್ಲ ಮೊಬೈಲ್ ಗ್ರೂಪಿನಲ್ಲಿ. ಅಲ್ಲಿ ಇನ್ನೂರಕ್ಕೂ ಮಿಕ್ಕಿ ಜನ. ಯಾರಾದರೂ ಫೈಲು ಹಾಕಿದರೆ ಅದರ ಕೆಳಗೆ ತನಗೆ ನೆರವಾದವರ ಹೆಸರು ಬರೆದು ಧನ್ಯವಾದ ಹೇಳುವುದು ಅಲ್ಲಿನ ರಿವಾಜು. ಅದನ್ನು ತಪ್ಪಿಸಿದವನನ್ನು ಕಳ್ಳ ಅನ್ನುತ್ತಿದ್ದರು.

ಆ ಗ್ರೂಪಿನಲ್ಲಿ ನಾನು ‘ಸರ್’. ಯಾಕೆಂದರೆ ಫೈಲು ಹಾಕುವ ವಿಧಾನವೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ, ಒಂದು ಸಾಲು ತಪ್ಪಿದರೆ ಫೋನು ಸತ್ತು ಕಲ್ಲಾಗುತ್ತದೆ. ನಾನು ಭಾನುವಾರ ಇಂಗ್ಲಿಷಿನ ಪುಟ ತೆರೆದು, ಅದರ ಮೇಲೆ ಕಣ್ಣಾಡಿಸುತ್ತ ಒಂದೊಂದೇ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ತಪ್ಪುತ್ತಿರಲಿಲ್ಲ. ಒಮ್ಮೆ ಒಬ್ಬರು ಹೊಸಬರಿಗೆ ನನ್ನನ್ನು ತೋರಿಸಿ, “ಇವ್ರು ಬಿಇ ಮಾಡ್ಯಾರ್ರಿ, ಹಂಗ ಕಾಣಂಗಿಲ್ಲ ಅಷ್ಟ” ಅಂದರು. ನಾನು ಚಹಾ ಕುಡಿದೆ. ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ಓದುತ್ತಿದ್ದವಳು ನನ್ನ ಹೆಂಡತಿ. ಅವಳು ಪಿಯುಸಿ ಮುಗಿಸಿದವಳು, ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ನಾನು ಅಂಗಡಿಯಿಂದ ಇಂಗ್ಲಿಷಿನ ಪ್ಯಾರಾ ನಕಲು ಮಾಡಿ ಅವಳಿಗೆ ಚಾಟಿನಲ್ಲಿ ಕಳಿಸುತ್ತಿದ್ದೆ. ಅವಳು ಹೊಲಿಗೆ ನಿಲ್ಲಿಸಿ ಅದರ ಕೆಳಗೆ ಕನ್ನಡದಲ್ಲಿ ಬರೆದು ಕಳಿಸುತ್ತಿದ್ದಳು. ಭಾಷಾಂತರ ಮಾಡುವ ಆ್ಯಪ್ ನೋಡಿದ್ದೆವು, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿರಿ ಎನ್ನುವುದಕ್ಕೆ ಅದು “ಮೊದಲು ಒರೆಸಿರಿ, ಆಮೇಲೆ ಮಿಂಚಿಸಿರಿ” ಎಂದು ಹೇಳಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮೊದಮೊದಲು ಅವಳಿಗೂ ಫೋನಿನ ಶಬ್ದಗಳು ತಿಳಿಯುತ್ತಿರಲಿಲ್ಲ. ಬರಬರುತ್ತ ನನಗಿಂತ ಚೆನ್ನಾಗಿ ತಿಳಿದವು. “ಇಲ್ಲಿ ಆ ಮನುಷ್ಯಾ ಹೇಳೋದು, ಬ್ಯಾಟರಿ ಅರ್ಧಕ್ಕಿಂತ ಕಮ್ಮಿ ಇದ್ರ ಮುಟ್ಟಬ್ಯಾಡ್ರಿ ಅಂತ. ನಿಮ್ಮ ಮಂದಿಗೆ ಇದನ್ನ ಎರಡ ಸಲ ಹೇಳ್ರಿ” ಎಂದು ಬರೆಯುವಳು. ನಾನು ಅದನ್ನು ಬಾಯಿಪಾಠ ಮಾಡಿಕೊಂಡು ರಾಯಚೂರಿನ ಬಸ್ಸು ಹತ್ತುವೆ. ಅರ್ಧ ದಾರಿ ದಾಟುವಷ್ಟರಲ್ಲಿ ಪಾಠ ಗಟ್ಟಿಯಾಗಿರುತ್ತಿತ್ತು. ಅವಳು ಬರೆದದ್ದನ್ನೇ ಗ್ರೂಪಿಗೆ ಹಾಕಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಹಾಕಲಿಲ್ಲ. ಬರೆದು ಹಾಕಿದರೆ ನನ್ನ ಬಾಯಿಂದ ಕೇಳುವ ಅಗತ್ಯ ಯಾರಿಗಿರುತ್ತದೆ?

ಒಂದು ದಿನ ಗ್ರೂಪಿಗೆ ದೇವದುರ್ಗದವನೊಬ್ಬನ ಧ್ವನಿ ಬಂತು. ಕುರಿ ಕಾಯುವ ಮನೆತನದವನು, ಈಗ ಟಂಟಂ ಆಟೋ ಓಡಿಸುತ್ತಾನೆ. ನನ್ನ ಬಳಿ ಇದ್ದ ಫೋನೇ ಅವನದೂ, ಅದೇ ಮಾಡೆಲ್.

“ಅಣ್ಣಾರ, ಇದನ್ನ ಕನ್ನಡದಾಗ ಯಾರಾದ್ರೂ ಬರದು ಹಾಕ್ರಿ. ನನಗ ಇಂಗ್ಲಿಷ್ ತಿಳಿಯಂಗಿಲ್ಲ.”

ಇಷ್ಟೇ ಅವನು ಕೇಳಿದ್ದು. ಎಲ್ಲರೆದುರು, ನಾಚಿಕೆಯಿಲ್ಲದೆ. ಅವನು ಅಷ್ಟು ಸಲೀಸಾಗಿ ಹೇಳಿದ್ದೇ ನನಗೆ ಕೋಪ ತಂದಿರಬೇಕು. ನಾನೂ ಧ್ವನಿಯಲ್ಲೇ ಉತ್ತರ ಹಾಕಿದೆ: “ತಮ್ಮಾ, ಓದಾಕ ಬರಲಾರದವ್ರು ಇದಕ್ಕ ಕೈ ಹಚ್ಚಬಾರ್ದು. ಇದೇನು ನಿನ್ನ ಟಂಟಂ ಅಲ್ಲ, ಒದ್ದರ ಚಾಲೂ ಆಗಾಕ.” ಗ್ರೂಪು ನಕ್ಕಿತು. ನಗುವ ಮುಖಗಳ ಚಿತ್ರ ಸಾಲುಗಟ್ಟಿ ಬಂದವು. ನಾನು ಅವನ್ನು ಎಣಿಸಿದೆ ಕೂಡ.

ಅವನು ತಾನೇ ಊಹಿಸಿ ಯಾವುದೋ ಫೈಲು ಹಾಕಿಕೊಂಡ. ಫೋನು ಕಂಪನಿಯ ಗುರುತು ತೋರಿಸಿ ಅಲ್ಲೇ ನಿಂತಿತು. “ನಿಂತುಬಿಟ್ಟೈತ್ರಿ ಅಣ್ಣಾ, ಮುಂದಕ್ಕ ಹೋಗವಲ್ದು” ಎಂದು ಬೇರೆಯವರ ಫೋನಿನಿಂದ ಕೇಳಿಕೊಂಡ. ಅಷ್ಟು ನಕ್ಕ ಮೇಲೆ ನನಗೆ ದೊಡ್ಡ ಮನಸ್ಸು ತೋರಿಸುವ ಆಸೆಯಾಯಿತು. ಚೆನ್ನಾಗಿ ನಡೆಯುತ್ತಿದ್ದ ನನ್ನ ಫೋನಿನ ಪೂರ್ತಿ ಬ್ಯಾಕಪ್ ತೆಗೆದು ಹಾಕುತ್ತೇನೆ, ಅದನ್ನು ನಿನ್ನ ಫೋನಿಗೆ ಇಳಿಸಿಕೋ, ಎದ್ದು ನಿಲ್ಲುತ್ತದೆ ಅಂದೆ. ಮತ್ತೆ ಎಲ್ಲರೂ “ಸರ್ ಸರ್” ಅಂದರು.

ಬೇರೆಯವರಿಗೆ ಕೊಡಲು ಬ್ಯಾಕಪ್ ತೆಗೆಯುವ ವಿಧಾನದ ಪುಟ ತೆರೆದೆ. ಅದರಲ್ಲಿ ಒಂದು ಪ್ಯಾರಾ ಕೆಂಪು ಅಕ್ಷರದಲ್ಲಿತ್ತು. ಎಂದಿನಂತೆ ಮನೆಗೆ ಕಳಿಸಬೇಕು. ಆದರೆ ಆ ಮಧ್ಯಾಹ್ನ ನಮ್ಮಿಬ್ಬರ ನಡುವೆ ಮಾತು ಕೆಟ್ಟಿತ್ತು. ಅವಳು ತಮಾಷೆಗೆಂಬಂತೆ, “ನಿಮ್ಮ ಗ್ರೂಪಿನ್ಯಾಗ ಎಲ್ಲಾರ ಹೆಸರು ಹಾಕಿ ಧನ್ಯವಾದ ಹೇಳ್ತೀರಿ. ಒಮ್ಮೆ ನನ್ನ ಹೆಸರೂ ಹಾಕ್ರಲಾ” ಎಂದು ಬರೆದಿದ್ದಳು. ನಾನು ಬರೆದ ಉತ್ತರ ಇದು: “ಹೊಲಿಗಿ ಮಾಡ್ಕೊಂತ ಸುಮ್ನ ಕೂಡು. ನಾಕು ಅಕ್ಷರ ಕಲತೀನಂತ ತಲಿ ಮ್ಯಾಗ ಕೂಡಬ್ಯಾಡ.” ಅವಳಿಂದ ಮಾತು ನಿಂತಿತ್ತು. ಅಂಥ ಉತ್ತರ ಬರೆದ ಮೇಲೆ ಕೆಂಪು ಪ್ಯಾರಾ ಕಳಿಸಿ “ಇದನ್ನೊಂದು ಓದು” ಅನ್ನುವುದು ನನ್ನಿಂದಾಗಲಿಲ್ಲ. ಬ್ಯಾಕಪ್ ನನಗೆ ಗೊತ್ತಿಲ್ಲದ್ದೇನಲ್ಲ, ಎಷ್ಟೋ ಸಲ ತೆಗೆದಿದ್ದೇನೆ ಅಂದುಕೊಂಡೆ. ಪರದೆಯ ಮೇಲೆ ಸಾಲಾಗಿದ್ದ ಚೌಕಗಳಿಗೆಲ್ಲ ಟಿಕ್ ಹಾಕಿದೆ. ನನಗಾಗಿ ತೆಗೆಯುವಾಗ ಹಾಗೆಯೇ ಮಾಡುತ್ತಿದ್ದೆ, ಕೈಗೆ ಅದೇ ರೂಢಿ. ಫೈಲು ಎಂದಿಗಿಂತ ತುಂಬಾ ದೊಡ್ಡದಾಗಿದೆ ಎಂದು ಗ್ರೂಪಿನಲ್ಲಿ ಇಬ್ಬರು ಗೊಣಗಿದರು. “ಪೂರ್ತಿ ಅಂದ್ರ ಪೂರ್ತಿ ಇರ್ತದ” ಅಂದೆ.

ಆ ಚೌಕಗಳಲ್ಲಿ ಒಂದು, ಫೋನಿನ ಯಜಮಾನನ ಸ್ವಂತದ್ದು. ಅವನ ಮೆಸೇಜು, ಅವನ ನಂಬರುಗಳು, ಅವನ ಚಾಟು. ಬೇರೆಯವರಿಗೆ ಕೊಡುವಾಗ ಅದಕ್ಕೆ ಟಿಕ್ ಹಾಕಲೇಬಾರದು. ಕೆಂಪು ಅಕ್ಷರದಲ್ಲಿ ಇದ್ದದ್ದು ಅದೊಂದೇ ಮಾತು ಎಂದು ಆಮೇಲೆ ತಿಳಿಯಿತು.

ಮರುದಿನ ಸಂಜೆ ಅಂಗಡಿಯಲ್ಲಿ ವಾರ್ನಿಶ್ ಹಚ್ಚುತ್ತಿದ್ದಾಗ ದೇವದುರ್ಗದವನ ಕರೆ ಬಂತು.

“ಅಣ್ಣಾ, ಫೋನ್ ಎದ್ದೈತ್ರಿ. ನಿಮ್ಮ ಪುಣ್ಯ.”

“ನಾ ಹೇಳಿದ್ನೋ ಇಲ್ಲೋ?”

“ಹೌದ್ರಿ. ಆದ್ರ ಅಣ್ಣಾ, ನಿಮ್ಮ ಫೈಲ್ ಲಗೂನ ತೆಗದುಬಿಡ್ರಿ ಗ್ರೂಪಿನಿಂದ.”

“ಯಾಕ?”

“ನಿಮ್ಮ ಫೋನ ಬಂದೈತ್ರಿ ನನ್ನ ಫೋನಿನ್ಯಾಗ. ನಿಮ್ಮ ಚಾಟ್ ಎಲ್ಲಾ ಕಾಣಾಕತ್ತೈತಿ. ನಾ ಮೊದಲ ಯಾರದೋ ಅಂತ ತೆಗದು ನೋಡೀನಿ, ತಪ್ಪಾತು. ಅಕ್ಕಾರು ನಿಮಗ ಓದಿ ಹೇಳೂದು... ಅಷ್ಟ ನೋಡೀನ್ರಿ. ಎಲ್ಲಾ ಅಳಿಸಿಬಿಟ್ಟೀನಿ. ಯಾರಿಗೂ ಹೇಳಂಗಿಲ್ಲ, ಆಣಿ.”

ನನ್ನ ಕೈಯಲ್ಲಿದ್ದ ಬ್ರಶ್ಶಿನಿಂದ ವಾರ್ನಿಶ್ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನೇ ಮತ್ತೆ, ತಗ್ಗಿದ ದನಿಯಲ್ಲಿ, “ಅಣ್ಣಾ, ಸಿಟ್ಟಾಗಬ್ಯಾಡ್ರಿ. ಅಕ್ಕಾರಿಗೆ ಹಂಗ ಬರೀಬಾರ್ದಿತ್ತು ನೀವು” ಅಂದ.

ಕರೆ ಕತ್ತರಿಸಿದೆ. ಮೊದಲು ಫೈಲು ತೆಗೆದೆ. ಅಷ್ಟು ದೊಡ್ಡ ಫೈಲನ್ನು ಅವನ ಹೊರತು ಬೇರೆ ಯಾರೂ ಇಳಿಸಿಕೊಂಡಿರಲಿಲ್ಲ, ಅದು ನನ್ನ ಅದೃಷ್ಟ. ಯಾಕೆ ತೆಗೆದಿರಿ ಎಂದು ಗ್ರೂಪಿನಲ್ಲಿ ಪ್ರಶ್ನೆ ಬಂತು. ನಿಜ ಹೇಳಲು ಅರ್ಧ ಸಾಲು ಸಾಕಿತ್ತು: ತಪ್ಪು ಟಿಕ್ ಹಾಕಿದ್ದೆ. ಇಂಥ ತಪ್ಪು ಎಲ್ಲರಿಂದಲೂ ಆಗುತ್ತದೆ, ಅದರಿಂದ ನನ್ನ ಗುಟ್ಟು ಹೊರಬೀಳುತ್ತಲೂ ಇರಲಿಲ್ಲ. ಆದರೆ ಕೆಂಪು ಅಕ್ಷರ ಓದಲಿಲ್ಲವೇ ಎಂದು ಒಬ್ಬನಾದರೂ ಕೇಳುತ್ತಾನೆ ಅನ್ನಿಸಿತು. ನಾನು ಬರೆದದ್ದು: “ಫೈಲ್ ಸರಿಯಾಗೇ ಇತ್ತು. ಸರಿಯಾಗಿ ಓದದೆ ಹಾಕಿಕೊಂಡವರು ದೂರು ಹೇಳುತ್ತಿದ್ದಾರೆ. ಅದಕ್ಕೆ ತೆಗೆದೆ.”

ಯಾರೆಂದು ಹೇಳುವ ಅಗತ್ಯವೇ ಇರಲಿಲ್ಲ. “ಮತ್ತ ದೇವದುರ್ಗದ ಇಂಜಿನಿಯರೇನು?” ಎಂದು ಒಬ್ಬ. “ಲೇ ತಮ್ಮಾ, ಕುರಿ ಕಾಯೋದ ಸಲೀಸು, ಹೋಗು” ಎಂದು ಇನ್ನೊಬ್ಬ. ಅವನ ಹತ್ತಿರ ನನ್ನ ಬಾಯಿ ಮುಚ್ಚಿಸುವ ಮಾತು ಇತ್ತು. ಒಂದೇ ಸಾಲು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಅವನು ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಗ್ರೂಪು ಬಿಟ್ಟನೆಂದು ಪರದೆಯ ಮೇಲೆ ಬೂದು ಬಣ್ಣದ ಸಣ್ಣ ಸಾಲು ಬಂತು.

ಹತ್ತು ದಿನ ತಡೆದೆ. ಕೆಲಸದಲ್ಲಿ ಎಂದೂ ತಪ್ಪದ ನಾನು ಒಂದು ಮೋಟರಿಗೆ ಸುತ್ತು ಎಣಿಸುವುದರಲ್ಲಿ ತಪ್ಪಿ ಎರಡು ಸಲ ಬಿಚ್ಚಿ ಕಟ್ಟಿದೆ. ಕೊನೆಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು ಕೇಳಿದಳು, “ಅವ ನಂದೂ ಎಲ್ಲಾ ಓದ್ಯಾನೇನು?” ಅವಳೂ ಆ ಚಾಟಿನಲ್ಲಿ ಇದ್ದಾಳೆ, ಅವಳ ಮಾತೂ ಪರರ ಕೈಗೆ ಹೋಗಿದೆ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದೇ ಇರಲಿಲ್ಲ. “ಹೋಗಿ ಬರ್ರಿ ಅವನ ಹತ್ರ” ಅಂದಳು.

ಬೈಕಿನಲ್ಲಿ ದೇವದುರ್ಗಕ್ಕೆ ಹೋದೆ. ಅವನು ಸ್ಟ್ಯಾಂಡಿನಲ್ಲಿ ಟಂಟಂ ನಿಲ್ಲಿಸಿಕೊಂಡು ಸವಾರಿಗೆ ಕಾಯುತ್ತಿದ್ದ. ನನಗಿಂತ ಏಳೆಂಟು ವರ್ಷಕ್ಕೆ ಸಣ್ಣವನು. ನಾನು ಯಾರೆಂದು ಹೇಳಿದೊಡನೆ ಎದ್ದು ನಿಂತು, “ಬರ್ರಿ ಅಣ್ಣಾ, ಇಷ್ಟು ದೂರ ಬಂದ್ರೆಲಾ! ಚಾ ಕುಡೀರಿ” ಅಂದ. ಬೈದಿದ್ದರೆ ಹಗುರಾಗುತ್ತಿತ್ತು.

“ತಪ್ಪು ನಂದು” ಅಂದೆ.

“ಇರ್ಲಿ ಬಿಡ್ರಿ. ಫೋನ್ ನಡದೈತಲ್ಲ.”

“ಗ್ರೂಪಿಗೆ ವಾಪಸ್ ಬಾ.”

ಅವನು ನಕ್ಕ. “ಬಂದು ಏನ್ ಮಾಡ್ಲಿ ಅಣ್ಣಾ? ಈಗ ನಾ ಅಲ್ಲಿ ಕುರಿ ಕಾಯಾಂವ. ತಪ್ಪು ನಿಮ್ಮದಂತ ನೀವ ಹೇಳಿದ್ರ ಬರ್ತೀನಿ. ನನ್ನ ಮುಂದ ಅಲ್ಲ, ಅವ್ರ ಮುಂದ.”

ಅವನ ಎದುರಿಗೇ ಫೋನು ತೆಗೆದು ಗ್ರೂಪಿಗೆ ಮಾತಾಡಿದೆ. ಒಂದು ನಿಮಿಷಕ್ಕೂ ಕಡಿಮೆ. ಫೈಲಿನಲ್ಲಿ ತಪ್ಪು ನನ್ನದು, ದೇವದುರ್ಗದವನದಲ್ಲ ಅಂದೆ. ನಾನು ಏಳನೇತ್ತಕ್ಕೆ ಶಾಲೆ ಬಿಟ್ಟವನು, ಇಂಗ್ಲಿಷ್ ಓದಲು ಬರುವುದಿಲ್ಲ, ಇಷ್ಟು ದಿನ ನಿಮಗೆ ಹೇಳಿದ್ದೆಲ್ಲ ನನ್ನ ಹೆಂಡತಿ ಓದಿ ತಿಳಿಸಿದ್ದು ಅಂದೆ. ಕಳಿಸಿಬಿಟ್ಟೆ.

ಇಬ್ಬರೂ ಪರದೆ ನೋಡುತ್ತ ನಿಂತೆವು. ಮೊದಲ ಉತ್ತರ ಬಂತು: “ಸರ್ ಜೋಕ್ ಮಾಡಾಕತ್ತಾರ.” ಅದರ ಹಿಂದೆ ಇನ್ನೊಂದು: “ಬಿಇ ಮಾಡಿದವ್ರು ಏಳನೇತ್ತ ಅಂತ ಹೇಳ್ಕೊಂತಾರ, ನಾವು ಹತ್ತನೇತ್ತ ಫೇಲ್ ಆದವ್ರು ಇಂಜಿನಿಯರ್ ಅಂತೀವಿ.” ಆಮೇಲೆ ಹಿರಿಯರೊಬ್ಬರ ಗಂಭೀರವಾದ ಧ್ವನಿ: “ನೋಡ್ರಿ, ಒಬ್ಬ ಬಡ ಹುಡುಗನ ಮಾನ ಉಳಸಾಕ ಎಲ್ಲಾ ತಮ್ಮ ಮ್ಯಾಲೆ ಹಾಕ್ಕೊಂಡಾರ. ಇದಕ್ಕ ದೊಡ್ಡ ಮನಸ್ಸು ಅಂತಾರ. ಕಲೀರಿ.” ಕೈಮುಗಿದ ಚಿತ್ರಗಳು ಬರತೊಡಗಿದವು. “ಮ್ಯಾಡಮ್ಮಾರಿಗೂ ಪಾಲು ಕೊಟ್ಟಾರ, ಎಂಥಾ ಗಂಡ!” ಎಂದೂ ಒಬ್ಬ ಬರೆದ.

ಇನ್ನೊಮ್ಮೆ ಹೇಳಬಹುದಿತ್ತು. ಜೋಕಲ್ಲ, ನಿಜ ಎಂದು ಎರಡು ಶಬ್ದ. ಬೆರಳು ಪರದೆಯ ಮೇಲೇ ಇತ್ತು. ಆಗ ನನ್ನೊಳಗೆ ಆದದ್ದನ್ನು ಮುಚ್ಚಿಡುವುದಿಲ್ಲ: ಹಾಯೆನಿಸಿತು. ಹೇಳಬೇಕಾದ್ದನ್ನು ಹೇಳಿದ್ದೇನೆ, ಹೆಸರೂ ಉಳಿದಿದೆ ಅನ್ನುವ ಹಾಯಿ. ನಾನೂ ಒಂದು ಕೈಮುಗಿದ ಚಿತ್ರ ಒತ್ತಿದೆ.

ಅವನು ನೋಡಿದ. “ಸವಾರಿ ಬಂತ್ರಿ ಅಣ್ಣಾ” ಎಂದು ಟಂಟಂ ಹತ್ತಿದ. ಅವನ ಗಾಡಿಯತ್ತ ಯಾರೂ ಬಂದಿರಲಿಲ್ಲ. ಖಾಲಿ ಗಾಡಿಯನ್ನೇ ಓಡಿಸಿಕೊಂಡು ಹೋದ. ಅವನು ಗ್ರೂಪಿಗೆ ಮತ್ತೆ ಬರಲಿಲ್ಲ.

ಮನೆಗೆ ಬಂದು ಹೆಂಡತಿಗೆ, “ಹೇಳಿದೆ, ಅವ್ರು ನಂಬಲಿಲ್ಲ” ಅಂದೆ.

“ಎಷ್ಟ ಸಲ ಹೇಳಿದ್ರಿ?”

“ಒಮ್ಮೆ.”

ಅವಳು ಮಷಿನ್ ತುಳಿಯತೊಡಗಿದಳು. ಅಂದಿನಿಂದ ನಾನು ಕಳಿಸಿದ್ದನ್ನು ಓದುತ್ತಾಳೆ, ಕನ್ನಡದಲ್ಲಿ ಬರೆದೂ ಕಳಿಸುತ್ತಾಳೆ. ಆದರೆ ಎರಡು ಸಲ ಹೇಳ್ರಿ, ಮೂರು ಸಲ ಹೇಳ್ರಿ ಎಂದು ಪಕ್ಕದಲ್ಲಿ ತನ್ನ ಮಾತು ಸೇರಿಸುವುದಿಲ್ಲ. ಅಲ್ಲಿದ್ದಷ್ಟನ್ನೇ ಬರೆಯುತ್ತಾಳೆ.

ಮೂರು ವಾರ ರಾಯಚೂರಿಗೆ ಹೋಗಲಿಲ್ಲ. ನಾಲ್ಕನೆಯ ಭಾನುವಾರ ಹೋದೆ. ನನ್ನನ್ನು ಕಂಡು ಎಲ್ಲರೂ ಎದ್ದು ಜಾಗ ಮಾಡಿಕೊಟ್ಟರು, ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ. ಯಾಪಲದಿನ್ನಿಯಿಂದ ಬಂದಿದ್ದ ಹೊಸಬನೊಬ್ಬ ತನ್ನ ಫೋನನ್ನು ನನ್ನ ಮುಂದೆ ಹಿಡಿದ. ಪರದೆಯ ತುಂಬ ಇಂಗ್ಲಿಷ್.

“ಸರ್, ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ.”

ಟೇಬಲಿನ ಸುತ್ತ ಎಲ್ಲರೂ ಕಾಯುತ್ತಿದ್ದರು. ನಾನು ಫೋನು ಇಸಿದುಕೊಂಡು ಮೇಲಿನಿಂದ ಕೆಳಗೆ ಕಣ್ಣಾಡಿಸಿದೆ.

“ಇದು ಸ್ವಲ್ಪ ಉದ್ದ ಅದ” ಅಂದೆ. “ನನಗ ಕಳಿಸಿಡು. ಮನೀಗೆ ಹೋಗಿ ನಿಧಾನ ನೋಡಿ ಹೇಳ್ತೀನಿ.”