ಮಿಸ್ತ್ರಿ ಅಳೆಯದ ಸಿಲಿಂಡರು

ಕಳೆದ ವಾರ ನಿಗಡಿಯ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಒಂದು ಗೋಣಿತಟ್ಟಿನ ಗಂಟು ಕೈಗೆ ಸಿಕ್ಕಿತು. ಬ್ರೇಕ್ ಆಯಿಲ್ಲಿನ ಕಮಟು ವಾಸನೆ ಇನ್ನೂ ಹೋಗಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ಭೋಸರಿಯ ಗ್ಯಾರೇಜ್ ಮಿಸ್ತ್ರಿ ನೆನಪಾದ. ಸಿಟ್ಟೂ ಬಂತು.

ಬೆಳಗಾವಿ ಕಡೆಯವನು. ತೊಂಬತ್ತರ ದಶಕದಲ್ಲಿ ಅಪ್ಪನ ಹಳೇ ಕಾರನ್ನು ಅವನ ಗ್ಯಾರೇಜಿಗೇ ಒಯ್ಯುತ್ತಿದ್ದೆ. ಬ್ರೇಕಿನ ಮಾಸ್ಟರ್ ಸಿಲಿಂಡರು ಬಿಚ್ಚಿದರೆ, ಒಳಗಿನ ತೂತಿಗೆ ಕ್ಯಾಲಿಪರ್ ಹಾಕಿ ಅಳೆಯದೆ ಹೊಸ ರಬ್ಬರ್ ವಾಶರು ಮುಟ್ಟುತ್ತಿರಲಿಲ್ಲ. ಗಿರಾಕಿ ಅವಸರ ಮಾಡಿದರೆ "ಗಾಡಿ ಘೇವುನ್ ಜಾ" ಎಂದು ಮರಾಠಿಯಲ್ಲಿ ಖಡಕ್ಕಾಗಿ ಹೇಳುವವನು. ತಗೊಂಡು ಹೋಗು ನಿನ್ನ ಗಾಡಿ, ಅಷ್ಟೇ. ಆದರೆ ನಾನು ಧಾರವಾಡದವನು. ನಮ್ಮ ಕಡೆಯವರೆಂದರೆ ಅವನಿಗೆ ಭಿಡೆ, ಇಲ್ಲವೆನ್ನಲಾರ. ಆ ಹಾಳು ಭಿಡೆ...

ಒಂದು ದಿನ ಬ್ರೇಕು ಕೆಟ್ಟು ಕಾರು ಅವನಲ್ಲಿತ್ತು. ಮರುದಿನ ತಂಗಿಯ ನಿಶ್ಚಯ. ಬೀಗರನ್ನು ಆ ಕಾರಿನಲ್ಲೇ ಕರೆತಂದು ಮೆರೆಯುವ ಹುಚ್ಚು ನನಗೆ.

"ಇವತ್ತ ಗುರುವಾರ ಅಲ್ರೀ, ಬಾಜೂ ಲೇಥಿನವ್ರದು ಸುಟ್ಟಿ. ನನ್ನ ಕ್ಯಾಲಿಪರ್ ಅವ್ರ ಕಡೆನ ಅದ. ನಾಳೆ ಅಳದು ಹಾಕ್ತೀನ್ರಿ" ಎಂದ.

ಸಿಲಿಂಡರಿನ ಮೈಮೇಲೆ ಎರಕದಲ್ಲೇ 7/8 ಎಂದು ಮೂಡಿತ್ತು. ಇಂಚಿನ ಎಂಟರಲ್ಲಿ ಏಳು ಪಾಲು. "ಬರದದ್ದು ಕಾಣಂಗಿಲ್ಲೇನು ನಿನಗ?" ಎಂದು ನಾಲ್ಕು ಜನರೆದುರು ಗದರಿದೆ.

"ಹೊರಗಿನ ಅಂಕಿ ನಂಬಬಾರದ್ರಿ. ಸವದ ತೂತನ್ನ ಯಾರರೆ ಕೊರಿಸಿ ದೊಡ್ಡದು ಮಾಡಿಸಿರ್ತಾರ..." ಅಂದವನು ನನ್ನ ಮುಖ ನೋಡಿ ನಟ್ಟು ಬಿಗಿಯುವ ಪಾನಾ ಎತ್ತಿಕೊಂಡ. 7/8ರ ವಾಶರನ್ನೇ ಹಾಕಿದ. ಹಾಕಿ, "ನೀವು ಕುಂದ್ರಬ್ಯಾಡ್ರಿ, ಮೊದಲ ನಾ ಒಂದು ರೌಂಡ್ ಹೊಡಕೊಂಡ್ ಬರ್ತೀನಿ" ಎಂದು ತಾನೇ ಹತ್ತಿದ.

ಇಳಿಜಾರಿನಲ್ಲಿ ಬ್ರೇಕಿನ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲಲಿಲ್ಲ. ಎದುರಿಗೆ ಬಾಳೆಹಣ್ಣಿನ ಕೈಗಾಡಿ. ಅದನ್ನು ತಪ್ಪಿಸಿ ಕಾಂಪೌಂಡಿಗೆ ಗುದ್ದಿದ. ಬಲಗೈ ಮಣಿಕಟ್ಟು ಪುಡಿಯಾಯಿತು. ಆ ಕೈ ಮತ್ತೆ ಪಾನಾ ಹಿಡಿಯಲಿಲ್ಲ.

ನಾನೇನು ಮಾಡಿದೆ? "ಒಂದು ವಾಶರು ಹಾಕಲಿಕ್ಕೂ ಬರೂದಿಲ್ಲ ಅವಗ" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದೆ. ಗಿರಾಕಿಗಳು ಕಡಿಮೆಯಾದರು. ಎರಡು ತಿಂಗಳ ಮೇಲೆ ಅವನು ಈ ಗಂಟನ್ನು ಅವ್ವನ ಕೈಗೆ ಕೊಟ್ಟು, ನೀರು ಸಹ ಕುಡಿಯದೆ ಹೋದನಂತೆ. ನನ್ನನ್ನು ಚುಚ್ಚಲಿಕ್ಕೇ ತಂದಿದ್ದಾನೆಂದು ಬಿಚ್ಚದೆ ಅಟ್ಟಕ್ಕೆ ಎಸೆದೆ. ಕೆಲವು ವರ್ಷಗಳ ನಂತರ ಅವನು ತೀರಿಕೊಂಡ ಸುದ್ದಿ ಬಂತು. ಆಗಲೂ ಬಿಚ್ಚಲಿಲ್ಲ...

ಈಗ ಬಿಚ್ಚಿದೆ. ಅದೇ ಸಿಲಿಂಡರು. 7/8 ಎಂಬುದನ್ನು ಮೊಳೆಯಿಂದ ಗೀಚಿ ಹೊಡೆದುಹಾಕಿದ್ದಾನೆ. ಕೆಳಗೆ, ಎಡಗೈಯ ಸೊಟ್ಟ ಗೀಟಿನಲ್ಲಿ: 1. ಜೊತೆಗೆ ಅದೇ ಅಳತೆಯ ಹೊಸ ವಾಶರು, ಒಣಗಿ ಬಿರುಕು ಬಿಟ್ಟಿದೆ. ಸ್ಕೇಲ್ ತಂದು ಒಳಗಿನ ತೂತು ಅಳೆದೆ. ಸರಿಯಾಗಿ ಒಂದು ಇಂಚು.

ಕಾರು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ನನ್ನ ಸಿಟ್ಟು ಮಾತ್ರ ಇಳಿಯುತ್ತಿಲ್ಲ, ನನ್ನ ಮೇಲಿನದೂ, ಅವನ ಮೇಲಿನದೂ. ಕಂಡಕಂಡ ಗಿರಾಕಿಗೆಲ್ಲ "ಗಾಡಿ ಘೇವುನ್ ಜಾ" ಎಂದ ಮನುಷ್ಯ, ನನಗೊಬ್ಬನಿಗೆ ಅದನ್ನು ಅನ್ನಲಿಲ್ಲ.